ಹದಿನಾಲ್ಕನೆಯ ಟ್ರಂಕು

ಬೆಳಗಿನ ಐದೂವರೆ ಗಂಟೆ. ಟಿವಿ ಸ್ಟುಡಿಯೋದ ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ನಿಂತ ಹೆಂಗಸು ಒದ್ದೆ ಬೆರಳನ್ನು ಇಸ್ತ್ರಿಯ ತಳಕ್ಕೆ ಸೋಕಿಸುತ್ತಾರೆ. ಚುರ್ ಎಂದ ಮೇಲೆ ಅಂಗಿಯ ಕಾಲರಿನಿಂದ ಕೆಲಸ ಶುರು.

"ಕಾಲರು ಮೊದಲು, ಬೆನ್ನು ಕೊನೆಗೆ. ಕ್ಯಾಮೆರಾ ನೋಡೋದು ಮುಖಾನ, ಮುಖದ ಪಕ್ಕದಲ್ಲಿರೋದು ಕಾಲರು. ಬೆನ್ನು ಯಾರು ನೋಡ್ತಾರೆ? ನನ್ನ ಹಾಗೆ ಅದು," ಎಂದು, ತಮ್ಮ ಬಗ್ಗೆ ಬರೆಯಲು ಬಂದ ನನ್ನತ್ತ ನೋಡಿ ನಗುತ್ತಾರೆ.

ಇವರು ಉಡುಪಿನ ಕೋಣೆಯ ಮೇಲ್ವಿಚಾರಕಿ. ಸ್ಟುಡಿಯೋದಲ್ಲಿ ಎಲ್ಲರ ಬಾಯಲ್ಲೂ 'ಟ್ರಂಕಕ್ಕ'. ಗೋಡೆಯುದ್ದಕ್ಕೂ ನಲವತ್ತೊಂದು ಟ್ರಂಕುಗಳು. ಒಂದೊಂದರ ಮುಚ್ಚಳದ ಮೇಲೂ ಬಿಳಿ ಬಣ್ಣದಲ್ಲಿ ಬರಹ: ಮದುಮಗಳು, ಪೊಲೀಸ್, ಅಜ್ಜಿ, ಶ್ರೀಮಂತ. ದಿನಕ್ಕೆ ಅರವತ್ತು ಜನರಿಗೆ ಇವರು ಬಟ್ಟೆ ತೊಡಿಸುತ್ತಾರೆ. ಅದರಲ್ಲಿ ಹತ್ತಕ್ಕಾದರೂ ಗುಂಡಿ ಕಿತ್ತಿರುತ್ತದೆ, ಐದಾರರ ಹೊಲಿಗೆ ಬಿಚ್ಚಿರುತ್ತದೆ. ಈ ಕೆಲಸಕ್ಕೆ ಈಗ ಇಪ್ಪತ್ತಮೂರು ವರ್ಷ. ಧಾರಾವಾಹಿಯ ಕೊನೆಯಲ್ಲಿ ಸರ್ರನೆ ಓಡುವ ಹೆಸರುಗಳಲ್ಲಿ ಇವರ ಹೆಸರು ಒಮ್ಮೆಯೂ ಓಡಿಲ್ಲ.

ಹದಿನೇಳರ ಹರೆಯದಲ್ಲಿ ತಾಯಿಯ ಜೊತೆ ಗುಡ್ಡಸೀಮೆಯಿಂದ ಇಳಿದು ಬಂದವರು. ಅಗಲ ಕೆನ್ನೆ, ಸಣ್ಣ ಕಣ್ಣು; ಬಾಯಿ ತೆರೆಯುವ ಮೊದಲೇ ಊರು ಯಾವುದೆಂದು ತಿಳಿದುಬಿಡುತ್ತದೆ. ಬಾಡಿಗೆ ಮನೆಗಾಗಿ ತಾಯಿ ಮಗಳು ಹನ್ನೊಂದು ಬಾಗಿಲು ತಟ್ಟಿದರು. ಹನ್ನೊಂದನೆಯ ಬಾಗಿಲಲ್ಲಿ ಯಜಮಾನಮ್ಮ, "ಗುಡ್ಡದವರಾ? ಬೇಡಮ್ಮ, ಮನೇಲಿ ಬೆಳ್ಳಿ ಸಾಮಾನಿದೆ," ಎಂದಳಂತೆ.

"ಪಾಪ, ಆಯಮ್ಮ ಅದುವರೆಗೆ ಗುಡ್ಡದ ಒಬ್ಬರನ್ನೂ ಕಂಡಿರಲಿಲ್ಲ. ಟಿವಿ ಕಂಡಿದ್ಲು, ಅಷ್ಟೇ," ಎನ್ನುತ್ತಾರೆ ಟ್ರಂಕಕ್ಕ. ದನಿಯಲ್ಲಿ ಕಹಿಯಿಲ್ಲ. "ನಮ್ಮಣ್ಣ ಮೂವತ್ತು ವರ್ಷ ಲೆಕ್ಕದ ಮೇಷ್ಟ್ರು. ಟಿವಿಯಲ್ಲಿ ಗುಡ್ಡದವನು ಬೀಗ ಒಡೆದದ್ದು ನೋಡಿದೀನಿ, ಕುಡಿದು ಬಿದ್ದದ್ದು ನೋಡಿದೀನಿ. ಲೆಕ್ಕ ಹೇಳಿಕೊಟ್ಟಿದ್ದು ಒಂದು ದಿನವೂ ನೋಡಲಿಲ್ಲ."

ಇವರು ಕೆಲಸಕ್ಕೆ ಸೇರಿದಾಗ ಹದಿನಾಲ್ಕನೆಯ ಟ್ರಂಕಿನ ಮೇಲೆ ಎರಡು ಸಾಲುಗಳಿದ್ದವು: 'ಗುಡ್ಡದವರು', ಕೆಳಗೆ 'ಕಳ್ಳರು'. ಎರಡಕ್ಕೂ ಟ್ರಂಕು ಒಂದೇ. ಒಳಗೆ ಕೆಂಪು ಪಟ್ಟೆಯ ಹೊದಿಕೆಗಳು, ಚಿನ್ನದ ಬಣ್ಣ ಬಳಿದ ಹಲ್ಲುಗಳು, ಮರದ ಕತ್ತಿ. ಹೊಟ್ಟೆಪಾಡು ನೋಡಿ, ಹದಿನೇಳು ವರ್ಷ ಆ ಮುಚ್ಚಳವನ್ನು ಇವರೂ ಸುಮ್ಮನೆ ತೆರೆದರು, ಮುಚ್ಚಿದರು.

ಆರು ವರ್ಷದ ಹಿಂದಿನ ಒಂದು ಬೆಳಗ್ಗೆ ಹೊಸ ನಟನೊಬ್ಬ ಬಾಗಿಲಲ್ಲಿ ನಿಂತ. ಗುಡ್ಡದ ಮುಖ, ಎಣ್ಣೆ ಹಚ್ಚಿ ಬಾಚಿದ ತಲೆ. ಅವನ ಜೇಬಿನಲ್ಲಿ ಪಾತ್ರದ ಚೀಟಿಯಿತ್ತು. ಟ್ರಂಕಕ್ಕ ಚೀಟಿ ಕೇಳಲಿಲ್ಲ, ಮುಖ ನೋಡಿದರು. ಹದಿನಾಲ್ಕನೆಯ ಟ್ರಂಕು ತೆರೆದು ಪಟ್ಟೆ ಹೊದಿಕೆ ಹೊದಿಸಿ ಕಳಿಸಿದರು.

ಅವನು ಬಂದಿದ್ದು ವೈದ್ಯನ ಪಾತ್ರಕ್ಕೆ.

"ಸೆಟ್ಟಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿರ್ದೇಶಕರು, 'ಆಹಾ, ಇದೇ ಒಪ್ಪುತ್ತೆ, ಇವನು ಕಳ್ಳನ ಪಾತ್ರಾನೇ ಮಾಡಲಿ' ಅಂದುಬಿಟ್ಟರು. ವೈದ್ಯನ ಪಾತ್ರ ಇನ್ನೊಬ್ಬನಿಗೆ ಹೋಯ್ತು. ಬೇರೆ ಯಾರಾದರೂ ಮಾಡಿದ್ದಿದ್ರೆ ಬೈದು ಸುಮ್ಮನಾಗ್ತಿದ್ದೆ. ಮಾಡಿದ್ದು ನಾನು. ಅವನ ಊರಿನವಳೇ." ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸುತ್ತಾರೆ.

ಆ ವಾರವೇ ಮುಚ್ಚಳದ ಬರಹವನ್ನು ಬ್ಲೇಡಿನಿಂದ ಕೆರೆದರು. ಹೊದಿಕೆಗಳನ್ನು ಒಗೆದು ಅಜ್ಜಿ, ಅಂಗಡಿಯವ, ಮದುಮಗಳ ಟ್ರಂಕುಗಳಿಗೆ ಹಂಚಿದರು. ಅಂದಿನಿಂದ ಕೋಣೆಗೆ ಒಂದು ಕಟ್ಟಳೆ ಬಂತು. ನಟರು ಬರುವ ಹೊತ್ತಿಗೆ ಟ್ರಂಕಕ್ಕ ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂರುತ್ತಾರೆ. ಹೆಜ್ಜೆ ಸದ್ದಾದರೆ, "ಯಾರಪ್ಪಾ ನೀನು ಇವತ್ತು?" ಎಂದು ಕೇಳುತ್ತಾರೆ. ಬಂದವರು ಚೀಟಿಯನ್ನು ಗಟ್ಟಿಯಾಗಿ ಓದಬೇಕು. ಓದಿದ ಮೇಲೆಯೇ ಇವರು ತಿರುಗುವುದು. ಕಣ್ಣು ಕೆಡಿಸಿದ್ದನ್ನು ಕಿವಿಯಿಂದ ಸರಿಪಡಿಸುವ ಈ ಉಪಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ತಪ್ಪು ಮಾಡಿದವರಿಗೆ ಭಗವಂತ ಒಂದೊಂದು ಬೆಳಗನ್ನೂ ಹೊಸದಾಗಿ ಕೊಡುತ್ತಾನೆ. ಅದನ್ನು ಹೀಗೆ ಬಳಸಿಕೊಳ್ಳುವವರು ಕಡಿಮೆ.

ಇಂದು ಬೀಗದ ಕಂಪನಿಯೊಂದರ ಜಾಹೀರಾತಿನ ಚಿತ್ರೀಕರಣ. ಆರೂವರೆಗೆ ಹೊರಗೆ ದೀಪ ಹೊಂದಿಸುವ ಬೆಳಕಿನವರ ನಗೆ ಕೇಳುತ್ತದೆ: "ಬಂದ ನೋಡ್ರಪ್ಪಾ ಕಳ್ಳಣ್ಣ! ಜೇಬು ಭದ್ರ!" ಬಾಗಿಲಲ್ಲಿ ಹೆಜ್ಜೆ ನಿಲ್ಲುತ್ತದೆ.

"ಯಾರಪ್ಪಾ ನೀನು ಇವತ್ತು?"

"ಕಳ್ಳ, ವಯಸ್ಸು ಮೂವತ್ತು. ಇನ್ನೇನು ಅಕ್ಕ, ಬಡ್ತಿ ಸಿಗುತ್ತಾ?"

ಅದೇ ಹುಡುಗ, ಈಗ ಕಿವಿಯ ಬಳಿ ಒಂದೆರಡು ನರೆಗೂದಲು. ಆರು ವರ್ಷದಲ್ಲಿ ಎಂಬತ್ತಮೂರು ಸಲ ಕಳ್ಳನಾಗಿದ್ದಾನೆ. ಅಂದು ಯಾಕೆ ಬಾಯಿ ಬಿಡಲಿಲ್ಲವೆಂದು ಕೇಳುತ್ತೇನೆ. "ಅಕ್ಕ ನಮ್ಮವರು. ಅವರು ಕೊಟ್ಟಿದ್ದು ಸರಿಯಾಗೇ ಇರುತ್ತೆ ಅಂದುಕೊಂಡೆ," ಎನ್ನುತ್ತಾನೆ. ಟ್ರಂಕಕ್ಕ ಕೇಳದವರಂತೆ ಸೂಜಿಗೆ ದಾರ ಪೋಣಿಸುತ್ತಾರೆ. ಆಮೇಲೆ ಅವನಿಗೆ ಒಂದು ತಿಳಿನೀಲಿ ಅಂಗಿ, ಬೂದು ಪ್ಯಾಂಟು ಕೊಡುತ್ತಾರೆ.

ಏಳು ಗಂಟೆಗೆ ಜಾಹೀರಾತಿನ ನಿರ್ದೇಶಕ, ಈ ಕೋಣೆಯನ್ನು ಹಳೆಯ ದಿನಗಳಿಂದ ಬಲ್ಲವನು, ಬಿರುಸಾಗಿ ಒಳಗೆ ಬರುತ್ತಾನೆ. "ಏನಕ್ಕ ಇದು, ಬ್ಯಾಂಕಿಗೆ ಕಳಿಸ್ತೀಯಾ ಇವನನ್ನ? ಆ ಪಟ್ಟೆ ಹೊದಿಕೆ ಹಾಕು. ನೋಡಿದ ತಕ್ಷಣ ಗೊತ್ತಾಗಬೇಕು."

"ಏನು ಗೊತ್ತಾಗಬೇಕು ಸರ್?"

"ಕಳ್ಳ ಅಂತ!"

"ಚೀಟಿಯಲ್ಲಿ ಕಳ್ಳ ಅಂತಿದೆ, ಗುಡ್ಡದವನು ಅಂತಿಲ್ಲ."

"ವರ್ಷವರ್ಷ ಒಪ್ಪಂದಕ್ಕೆ ಸಹಿ ಹಾಕೋಳು ನೀನು. ಹಟ ಮಾಡಿದ್ರೆ ಬೇರೆಯವರು ಸಿಗ್ತಾರೆ. ತೆಗಿ ಹದಿನಾಲ್ಕನ್ನ!"

ಟ್ರಂಕಕ್ಕ ಏಳುತ್ತಾರೆ. ಹದಿನಾಲ್ಕನೆಯ ಟ್ರಂಕಿನ ಮುಚ್ಚಳ ಎತ್ತಿ ಪಕ್ಕಕ್ಕೆ ಸರಿಯುತ್ತಾರೆ. ಒಳಗೆ ಒಂದೇ ಒಂದು ಬಟ್ಟೆ: ಮಡಿಕೆ ಮುರಿಯದ ವೈದ್ಯರ ಬಿಳಿ ಕೋಟು. ನಿರ್ದೇಶಕ ಕೋಟನ್ನೂ ಇವರನ್ನೂ ನೋಡುತ್ತಾನೆ.

"ಸರ್, ಒಂದು ಮಾತು. ಕೆಂಪು ಪಟ್ಟೆ ಹೊದ್ದು ಕದಿಯೋಕೆ ಹೋದ್ರೆ ಬೀದಿ ನಾಯಿನೂ ನಗುತ್ತೆ. ಅಂಥ ಕಳ್ಳನಿಗೆ ಬೀಗ ಯಾಕೆ? ಪಕ್ಕದ ಮನೆಯವನ ಹಾಗಿರೋ ಕಳ್ಳ ಬಂದ್ರೆ ತಾನೇ ಜನ ನಿಮ್ಮ ಬೀಗ ಕೊಳ್ಳೋದು?"

ಬಾಗಿಲಲ್ಲಿದ್ದ ಬೆಳಕಿನವನೊಬ್ಬ ಕಿಸಕ್ಕನೆ ನಗುತ್ತಾನೆ. ನಿರ್ದೇಶಕ ಗಡ್ಡ ಕೆರೆದುಕೊಳ್ಳುತ್ತಾನೆ, ನೀಲಿ ಅಂಗಿಯನ್ನು ಮತ್ತೊಮ್ಮೆ ನೋಡುತ್ತಾನೆ. "ಮಾತಲ್ಲಿ ನಿನ್ನ ಗೆಲ್ಲೋರು ಯಾರು. ನಡಿಯಪ್ಪಾ, ಹೊತ್ತಾಯ್ತು," ಎಂದು ಅದೇ ಅಂಗಿಯಲ್ಲಿ ಅವನನ್ನು ಕರೆದೊಯ್ಯುತ್ತಾನೆ.

ಗೆದ್ದಿರಲ್ಲ ಎಂದರೆ ಟ್ರಂಕಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ. "ಎಲ್ಲಿ ಗೆದ್ದೆ? ಎಂಬತ್ತನಾಲ್ಕನೇ ಸಲವೂ ಕಳ್ಳನೇ ಆದ. ಪಾತ್ರ ಯಾರಿಗೆ ಅನ್ನೋದು ನನ್ನ ಕೈಯಲ್ಲಿಲ್ಲ. ಬಟ್ಟೆ ಇದೆ. ಕೈಯಲ್ಲಿರೋದನ್ನ ಬಿಡಲ್ಲ."

ಬಿಳಿ ಕೋಟನ್ನು ಹೊರತೆಗೆದು ಕೊಡವುತ್ತಾರೆ. ಇದರ ತೋಳನ್ನು ಆ ಹುಡುಗನ ಅಳತೆಗೆ ಎರಡು ಬೆರಳು ಒಳಗೆ ಹೊಲಿದಿದ್ದಾರೆ. ಕಳೆದ ವರ್ಷ ಅವನ ಹೊಟ್ಟೆ ತುಸು ಮುಂದೆ ಬಂದಾಗ ಪಕ್ಕದ ಹೊಲಿಗೆ ಬಿಚ್ಚಿ ಸಡಿಲಿಸಿದ್ದಾರೆ. ಅವನಿಗೆ ಇದು ಗೊತ್ತಿಲ್ಲ. ತೀರಿಹೋದವರ ಬಟ್ಟೆಯನ್ನು ಮಡಚಿಟ್ಟವರು ಬಹಳ ಜನರಿದ್ದೇವೆ. ಇನ್ನೂ ಬಾರದ ದಿನಕ್ಕಾಗಿ ಒಂದು ಬಟ್ಟೆಯನ್ನು ಆರು ವರ್ಷ ಕಾಪಾಡಿದವರನ್ನು ನಾನು ಇಲ್ಲಿ ಕಂಡೆ.

ನಿಮಗೇನು ಬೇಕು ಅಕ್ಕ, ಎಂದು ಕೊನೆಗೆ ಕೇಳುತ್ತೇನೆ. ಪರದೆಯ ಮೇಲೆ ಹೆಸರು ಬರಲಿ ಎನ್ನುತ್ತಾರೇನೋ ಎಂದುಕೊಂಡಿದ್ದೆ. ಅವರು ಕೋಟಿನ ಕಾಲರಿನಿಂದ ಇಸ್ತ್ರಿ ಶುರುಮಾಡುತ್ತಾರೆ.

"ಒಂದು ದಿನ ನಾನು ಗೋಡೆ ನೋಡ್ಕೊಂಡು ಕೂತಿರಬೇಕು. 'ಯಾರಪ್ಪಾ ನೀನು ಇವತ್ತು' ಅಂತ ಕೇಳಬೇಕು. ಆ ಹುಡುಗನ ದನಿ 'ವೈದ್ಯ' ಅನ್ನಬೇಕು. ಕೋಟು ಸುಕ್ಕಾಗಿದೆ ಅಂತ ಮಾತ್ರ ಅವತ್ತು ಯಾರೂ ಅನ್ನೋ ಹಾಗಿಲ್ಲ."