ಮಣ್ಣು ಒದ್ದೆ, ಎಲೆ ಬಾಡಿದೆ

"ಮಣ್ಣು ಒದ್ದೆ" ಎಂದು ನನ್ನ ಫೋನಿಗೆ ಮೆಸೇಜ್ ಬರುತ್ತಿತ್ತು. ಅದೇ ಫೋನಿನಲ್ಲಿ ಅಕ್ಕ, "ತಮ್ಮಾ, ಎಲಿ ಬಾಡಲಾಕತ್ಯಾವೋ!" ಎಂದು ಕೂಗುತ್ತಿದ್ದಳು.

ಯಾರನ್ನು ನಂಬುವುದು? ನಾನು ಮೆಸೇಜನ್ನು ನಂಬಿದೆ. (ನಗಬಹುದು. ನನ್ನ ಹೆಂಡತಿ ಆಗಲೇ ನಕ್ಕಾಗಿದೆ.)

ಕಮಲಾಪುರದಲ್ಲಿ ಅಕ್ಕನ ಕೆಂಪು ಬಾಳೆ ತೋಟವಿದೆ. ಭಾವ ಲಾರಿ ಓಡಿಸುವವರು, ಊರಲ್ಲಿರುವುದೇ ಅಪರೂಪ. ಅಕ್ಕನ ಮಗಳು ಕಲಬುರಗಿಯಲ್ಲಿ ತುಂಬು ಗರ್ಭಿಣಿ. ಪ್ರಯಾಣ ಬೇಡವೆಂದು ಡಾಕ್ಟರ್ ಹೇಳಿರುವುದರಿಂದ ಹೆರಿಗೆಗೆ ಅಕ್ಕನೇ ಬರಬೇಕು. ಬಂದರೆ ಬಾಳೆಗೆ ನೀರು ಬಿಡುವವರು ಯಾರು?

"ನಾ ಅದೀನಲ್ಲಕ್ಕಾ," ಎಂದುಬಿಟ್ಟೆ.

ನಾನು ಅಂದರೆ ನನ್ನ ಎಲೆಕ್ಟ್ರಾನಿಕ್ಸು. ಇಲ್ಲೇ ಕಲಬುರಗಿಯ ಜಗತ್ ಸರ್ಕಲ್ ಬಳಿಯ ಭಾನುವಾರದ ಕ್ಲಾಸಿನಲ್ಲಿ, ಅಂಗೈಯಗಲದ ಕಂಪ್ಯೂಟರಿನಿಂದ ಪುಟ್ಟ ಎಲ್‌ಇಡಿ ಮಿಣುಕಿಸಲು ಕಲಿತಿದ್ದೆ. ದೀಪ ಮಿಣುಕಿಸಿದವನಿಗೆ ಪಂಪು ಯಾವ ಲೆಕ್ಕ? ಬುಡದಲ್ಲಿ ಸೆನ್ಸರ್ ಊರುವುದು. ಮಣ್ಣು ಒಣಗಿದ್ದರೆ ಪಂಪ್ ಆನ್, ಒದ್ದೆಯಾಗಿದ್ದರೆ ಆಫ್, ಜೊತೆಗೆ ನನ್ನ ಫೋನಿಗೊಂದು ಮೆಸೇಜ್. ಪ್ರೋಗ್ರಾಂ ಇಷ್ಟೇ. ವೈರ್ ಗಿಡ್ಡವಿತ್ತು. ಹಾಗಾಗಿ ಕಂಪ್ಯೂಟರಿನ ಡಬ್ಬಿಯನ್ನು ಪಂಪ್ ಶೆಡ್ಡಿನಲ್ಲಿಟ್ಟು, ಪಕ್ಕದ ಮೊದಲ ಗಿಡದ ಬುಡಕ್ಕೇ ಸೆನ್ಸರ್ ಊರಿ ಬಂದೆ.

ಪಂಪು ಆನ್ ಆಗಲೇ ಇಲ್ಲ. ಅಕ್ಕನೇ ಎದ್ದು ಹೋಗಿ ಸ್ವಿಚ್ ಒತ್ತುತ್ತಿದ್ದಳು.

"ನಡು ತೋಟದಾಗಿನ ಮಣ್ಣು ಹಿಡದ್ರ ಬೂದಿ ಹಂಗ ಉದರ್ತದ. ನಿನ್ನ ಡಬ್ಬಿ ಏನ್ ಅಂತದ?"

"ಒದ್ದಿ ಅದ ಅಂತದಕ್ಕಾ."

"ಹಂಗಾರ ನೀರೆಲ್ಲಾ ಅದೇ ಕುಡದದೇನು?"

ವೈರ್ ತಿರುವಿ ಜೋಡಿಸಿದೆ. ಸೆನ್ಸರ್ ಬದಲಿಸಿದೆ. ಪ್ರೋಗ್ರಾಮಿನ ಷರತ್ತು ಉಲ್ಟಾ ಮಾಡಿದೆ. ಪಂಪು ನಿಲ್ಲಲೇ ಒಲ್ಲದು. ಗಾಬರಿಯಾಗಿ ಮತ್ತೆ ಸೀದಾ ಮಾಡಿದೆ. ಮನೆಯ ತುಳಸಿ ಕುಂಡದಲ್ಲಿ ಸತ್ಯ ಹೇಳುವ ಸೆನ್ಸರ್, ಕಮಲಾಪುರಕ್ಕೆ ಹೋದ ಕೂಡಲೇ ಸುಳ್ಳು ಕಲಿಯುವುದು ಹೇಗೆ? ಅಥವಾ ನನ್ನ ತಲೆಯ ವೈರೇ ಸಡಿಲವೋ?

ಕಳೆದ ಭಾನುವಾರ ಮತ್ತೆ ಹೋದೆ. ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳೊಂದಿಗೆ ರೊಟ್ಟಿ, ಶೇಂಗಾ ಹಿಂಡಿ ಊಟವಾಯಿತು. ಎದ್ದು, ಚೊಂಬು ಹಿಡಿದು, ಮೊದಲ ಗಿಡದ ಬುಡದಲ್ಲಿ ಕೈ ತೊಳೆದೆ. ನನ್ನ ಹಿಂದೆ ಅಕ್ಕ. ಅಕ್ಕನ ಹಿಂದೆ ಉಳಿದವರು, ಬುತ್ತಿ ಡಬ್ಬಿ ಸಮೇತ. ಕೈ ತೊಳೆದ ನೀರನ್ನೂ ನಮ್ಮಲ್ಲಿ ದಂಡ ಮಾಡುವುದಿಲ್ಲ, ಬಾಳೆಗೆ ಹಾಕುತ್ತೇವೆ. ಚಿಕ್ಕಂದಿನ ರೂಢಿ. ಕಾಲು ತಾನೇ ಅತ್ತ ನಡೆಯುತ್ತದೆ.

ಜೇಬಿನಲ್ಲಿ ಫೋನು ಗುಂಯ್ ಎಂದಿತು. "ಮಣ್ಣು ಒದ್ದೆ."

ಅಕ್ಕ ಸೆರಗು ಬಾಯಿಗೊತ್ತಿ ನಕ್ಕಳು. "ಡಬ್ಬಿದೇನು ತಪ್ಪಿಲ್ಲ ಬಿಡೋ. ನಾವು ದಿನಾ ಉಂಡಿದ್ದು ನಿನಗ ಹೇಳ್ಯದ!" ಆಮೇಲೆ ನಗು ನಿಂತಿತು. "ಅದಿರ್ಲಿ. ಈಗ ನಾ ಮಗಳ ಕಡಿ ಹೋಗ್ಲೋ, ಬ್ಯಾಡೋ?"

ಉದ್ದದ ವೈರ್ ತಂದು ಸೆನ್ಸರನ್ನು ನಡು ತೋಟಕ್ಕೆ ಸಾಗಿಸಿದೆ. ಪಂಪು ತಾನಾಗಿ ಆನ್ ಆಯಿತು, ತಾನಾಗಿ ನಿಂತಿತು. ಇನ್ನೇನು ಬೇಕು? ಆದರೆ ಮೇಕೆ ವೈರ್ ಕಚ್ಚಿದರೆ? ಯಾರಾದರೂ ನಡು ತೋಟದಲ್ಲೇ ಉಂಡರೆ?

"ಹೋಗಕ್ಕಾ, ನಾ ಅದೀನಿ," ಎಂದೆ.

ಈಗ ಅಕ್ಕ ಕಲಬುರಗಿಯಲ್ಲಿ ಮಗಳ ಪಕ್ಕದಲ್ಲಿದ್ದಾಳೆ. ನಾನು ಆಫೀಸಿಗೆ ರಜೆ ಹಾಕಿ, ಕಮಲಾಪುರದ ಪಂಪ್ ಶೆಡ್ಡಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಪಂಪು ನಿಂತಾಗಲೆಲ್ಲ ಹೋಗಿ ಮಣ್ಣು ಮುಟ್ಟಿ ಬರುತ್ತೇನೆ.

ಪ್ರೋಗ್ರಾಂ ಬರೆದದ್ದು ಡಬ್ಬಿಗೆ ನಾನೋ, ನನಗೆ ಡಬ್ಬಿಯೋ?