ಅಜ್ಜಿಯ ನಾಲ್ಕು ಗಂಟೆ ನಿದ್ದೆ

ಮೊನ್ನೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಬಳಿ ಸೊಪ್ಪು ತುಂಬಿದ ಆಟೋವೊಂದು ಪಕ್ಕದಲ್ಲೇ ಹಾದುಹೋಯಿತು. ಹಿಪ್ಪುನೇರಳೆಯ ಆ ಹಸಿ ವಾಸನೆ ಬಡಿದದ್ದೇ ತಡ, ಮುಳ್ಳೂರಿನ ನಮ್ಮ ಮನೆ ಕಣ್ಣೆದುರು ಬಂದು ನಿಂತಿತು. ಈಗ ಆ ಮನೆಯಿಲ್ಲ. ನಿಮ್ಮಲ್ಲೂ ಅಂಥ ಮನೆ ಕಳೆದುಕೊಂಡವರಿದ್ದೀರಿ. ಗೋಡೆ ಬಿದ್ದ ಮೇಲೂ ಯಾರು ಎಲ್ಲಿ ಮಲಗುತ್ತಿದ್ದರು ಎಂಬುದು ಮರೆಯುವುದಿಲ್ಲ. ಬಾಗಿಲ ಬಳಿ ಅಪ್ಪ. ಒಳಕೋಣೆಯಲ್ಲಿ ಅಮ್ಮ, ಅವಳ ಮಗ್ಗುಲಲ್ಲಿ ಹಗಲೆಲ್ಲ ಮಲಗಿ ಇರುಳೆಲ್ಲ ಅಳುವ ಎಳೆಗೂಸು, ನನ್ನ ತಮ್ಮ. ಹಜಾರದಲ್ಲಿ ನಾನು, ಗೌರತ್ತೆ, ಗೋಡೆಗೆ ಅಂಟಿಕೊಂಡು ಅಜ್ಜಿ.

ಗೌರತ್ತೆ ಅಪ್ಪನ ಕೊನೆಯ ತಂಗಿ. ನನಗೆ ಎಂಟು ವರ್ಷ, ಅವಳಿಗೆ ಹದಿನಾರು, ಹತ್ತನೇ ತರಗತಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಿತ್ತಿಲ ಹುಳುಮನೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವುದು ಅವಳ ಕೆಲಸ. ಆ ವರ್ಷ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ಗಣಿತದ ಉತ್ತರ ಪತ್ರಿಕೆಯ ಮೇಲೇ ತಲೆಯಿಟ್ಟು ನಿದ್ದೆಹೋದಳು. ಮೇಷ್ಟ್ರು ಮನೆಗೇ ಬಂದು ಹೇಳಿಹೋದರು. ಅಪ್ಪ ಕೆರಳಿ, "ಓದಿದ್ದು ಸಾಕು. ಗಂಡು ನೋಡ್ತೀನಿ" ಎಂದರು. ಅತ್ತೆ ಕಂಬ ಹಿಡಿದು ನಿಂತಿದ್ದಳು. ಅಜ್ಜಿ ಮೊರ ಕೆಳಗಿಟ್ಟು ಎದ್ದಳು.

"ಓದು ಬುಡ್ಸಬ್ಯಾಡ ಕಣ್ಲಾ. ಬೆಳೆಯೋ ಎಣ್ಣು, ನಿದ್ದೆ ಸಾಲ್ದು ಅವ್ಳಿಗೆ. ನಾಳೆಯಿಂದ ಸೊಪ್ಪು ನಾನಾಕ್ತೀನಿ."

"ನಿಂಗೆ ನಿದ್ದೆ ಬ್ಯಾಡ್ವಾ ಅವ್ವಾ?"

"ವಯಸ್ಸಾದೋರ್ಗೆ ನಾಕು ಗಂಟೆ ಸಾಕು ಬುಡು."

ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ನಾವೆಲ್ಲ ನಂಬಿದೆವು. ಅಜ್ಜಿ ಬಳೆಗಳನ್ನು ಮೊಣಕೈಯತ್ತ ಏರಿಸಿ, ಸದ್ದಾಗದಂತೆ ಹಿತ್ತಿಲ ಬಾಗಿಲು ತೆಗೆದು ಹೋಗುವಳು. ಅತ್ತೆ ಬಿಸಿಲು ಹಂಚಿನ ಸಂದಿಯಿಂದ ಇಳಿಯುವವರೆಗೂ ಮಲಗುವಳು. ಒಂದು ಮಧ್ಯಾಹ್ನ ಶಾಲೆಯಿಂದ ಬಂದು ನೋಡಿದರೆ, ಅಜ್ಜಿ ಹುಳುಮನೆಯಲ್ಲಿ ಕೂತಲ್ಲೇ ನಿದ್ದೆಹೋಗಿದ್ದಳು. ಮಡಿಲ ತುಂಬ ಸೊಪ್ಪು, ಬಾಯಿ ಅರೆ ತೆರೆದಿತ್ತು. ಮುಟ್ಟಿದ್ದಕ್ಕೆ ಬೆಚ್ಚಿ ಎದ್ದು ನನ್ನ ಕೈ ಹಿಡಿದಳು. "ನಿಮ್ಮತ್ತೆಗೆ ಏಳ್ಬ್ಯಾಡ ಕಣವ್ವ. ತಿಳುದ್ರೆ ಅವ್ಳು ನಾಳೆಯಿಂದ ಎದ್ಬುಡ್ತಾಳೆ."

ನಾನು ಹೇಳಲಿಲ್ಲ. ಅತ್ತೆ ಪಾಸಾದಳು, ಮುಂದೆ ಓದಿ ಹನೂರಿನ ಕಡೆ ಟೀಚರ್ ಆದಳು. ಮದುವೆಯನ್ನೂ ತನಗೆ ಒಪ್ಪಿದಾಗಲೇ ಆದಳು.

ಎಷ್ಟೋ ವರ್ಷಗಳಾದ ಮೇಲೆ ಅಜ್ಜಿ ಹಾಸಿಗೆ ಹಿಡಿದಾಗ, ಅತ್ತೆ ರಜೆ ಹಾಕಿ ಬಂದು ಕೊನೆಯವರೆಗೂ ಪಕ್ಕದಲ್ಲೇ ಕೂತಿದ್ದಳು. ಮಣ್ಣು ಮಾಡಿ ಬಂದ ಮಾರನೆಯ ದಿನ ಅಜ್ಜಿಯ ಕಂಬಳಿ ಮಡಿಸುತ್ತಿದ್ದ ಅವಳಿಗೆ ಆ ಮಧ್ಯಾಹ್ನದ ಗುಟ್ಟು ಹೇಳಿದೆ. ಅವಳ ಕೈ ನಿಂತಿತು.

"ಗೊತ್ತಿತ್ತು ಕಣೆ. ಅವ್ವ ಬಾಗ್ಲು ತೆಗ್ಯೋ ಸದ್ದು ದಿನಾ ಕೇಳ್ತಿತ್ತು. ಎದ್ದೋಗ್ಬೇಕು ಅನ್ಕಳದ್ರೊಳ್ಗೆ ನಿದ್ದೆ ಎಳ್ಕಂಡೋಯ್ತಿತ್ತು. ಗೊತ್ತಿದ್ದೂ ಮನಿಕಂಡೆ."

"ಅಜ್ಜಿಗೆ ಬೇಕಿದ್ದದ್ದೂ ಅದೇ ಅಲ್ವಾ ಅತ್ತೆ?" ಎಂದೆ. ಅವಳು ಮಡಿಸಿದ ಕಂಬಳಿಯನ್ನು ಬಿಚ್ಚಿ, ನೆಂಟರು ತುಂಬಿದ ಹಾಡುಹಗಲಲ್ಲಿ, ಹಜಾರದ ಮೂಲೆಯಲ್ಲಿ ಹೊದ್ದು ಮಲಗಿಬಿಟ್ಟಳು. ನಾನು ಹೊರಗೆ ಬಂದು, ಜಗುಲಿಯಲ್ಲಿದ್ದವರಿಗೆ ಮೆಲ್ಲಗೆ ಮಾತಾಡಿ ಎಂದೆ. ಮರುವರ್ಷ ಆ ಮನೆ ಕೆಡವಿದರು. ಅಲ್ಲಿ ಒಬ್ಬರು ಮೈಮರೆತು ಮಲಗಿದ್ದನ್ನು ನಾನು ಕೊನೆಯದಾಗಿ ಕಂಡದ್ದು ಅಂದೇ.