ಅಯಸ್ಕಾಂತ ಕಚ್ಚಿದ ಸದ್ದು

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುತ್ತಾರೆ. ಹಳೆಯ ಉಗಿ ಎಂಜಿನ್ನಿನ ಲೆಕ್ಕ ಬೇರೆ. ಇಡಿಯಾಗಿ ಮಾರಬೇಕೆಂದರೆ ಯಾರಾದರೂ ಹುಚ್ಚರು ಸಿಗಬೇಕು. ಕಡಿದು ಮಾರಿದರೆ ತೂಕದ ಬೆಲೆ. ಒಳಗೆ ಕೆಂಡ ಉರಿಯುವ ಬೆಂಕಿಗೂಡು ತಾಮ್ರದ್ದಾದರೆ ಅದಕ್ಕೂ ಮೇಲೆ.

ಮಾಲೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಅಪ್ಪ ಜೇಡಿಮಣ್ಣು ಎಳೆಯುವ ಪುಟ್ಟ ಎಂಜಿನ್ ಓಡಿಸುತ್ತಿದ್ದ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳ ಮೇಲೆ, ಹೋದ ಬೇಸಿಗೆಯಲ್ಲಿ, ಸಾಹುಕಾರರು ಅದನ್ನು ಮಾರಲು ಹೊರಟರು. ಬಂದವರು ಇಬ್ಬರು. ಯಲ್ದೂರಿನವರೊಬ್ಬರಿಗೆ ಅದನ್ನು ತಮ್ಮ ಮಾವಿನ ತೋಟದಲ್ಲಿ ನಿಲ್ಲಿಸಿಕೊಳ್ಳುವ ಆಸೆ. ಕೋಲಾರದ ಗುಜರಿಯವನಿಗೆ ಕಡಿಯುವ ಆಸೆ. ತಾಮ್ರವಿದ್ದರೆ ತೋಟದವರಿಗಿಂತ ಹೆಚ್ಚು ಕೊಡುತ್ತೇನೆ, ಬರೀ ಕಬ್ಬಿಣವಾದರೆ ಬೇಡ ಎಂದ.

ಅದರ ಒಳಹೊರಗು ಬಲ್ಲವನು ಅಪ್ಪನೊಬ್ಬನೇ ಎಂದು ಕರೆಸಿದರು. ನಾನೇ ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಬೆಂಕಿಗೂಡು ತಾಮ್ರದ್ದೇ ಎಂದು ನನಗೂ ಗೊತ್ತಿತ್ತು. ಚಿಕ್ಕಂದಿನಿಂದ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಕೇಳಿದ್ದೆ. ಮದುವೆ ಊಟ ಹೇಗಿತ್ತು ಎಂದರೆ ಉಪ್ಪು ಜಾಸ್ತಿ ಎಂದು ಹೆಣ್ಣಿನ ತಂದೆಗೇ ಹೇಳುವವನು ಅಪ್ಪ. ಅವನ ಬಾಯಿಂದಲೇ ಎಂಜಿನ್ ಗುಜರಿಗೆ ಹೋಗುತ್ತದಲ್ಲ ಎಂದು ಸಂಕಟವಾಯಿತು.

ಗುಜರಿಯವನು ಬಿಳಿ ಬಟ್ಟೆಯಲ್ಲಿ ಬಂದಿದ್ದ. ಗೂಡಿನ ತುಂಬ ಮಸಿ. ಅಯಸ್ಕಾಂತವನ್ನು ಅಪ್ಪನ ಕೈಗಿಟ್ಟು, "ನೀವೇ ಇಟ್ ನೋಡಿ ಯಜಮಾನ್ರೇ. ಕಚ್ಚಿದ್ರೆ ಕಬ್ಬಿಣ, ಇಲ್ದಿದ್ರೆ ತಾಮ್ರ" ಎಂದ.

ಅಪ್ಪ ಗೂಡಿನ ಬಾಯಲ್ಲಿ ತಲೆ, ಭುಜ ತೂರಿಸಿದ. ಒಳಗಿಂದ ಟಕ್ ಎಂದು ಸದ್ದಾಯಿತು.

"ಕಚ್ತು ಕಣಪ್ಪ," ಎಂದ, ಮಸಿ ಮುಖ ಹೊರಗೆ ತೆಗೆದು.

ಗುಜರಿಯವನು ಟೀ ಕೂಡ ಕುಡಿಯದೆ ಹೋದ. ಎಂಜಿನ್ ತೋಟದವರ ಪಾಲಾಯಿತು.

ದಾರಿಯಲ್ಲಿ ಕೇಳಿದೆ. "ಏನಪ್ಪಾ, ಸುಳ್ಳು ಹೇಳ್ಬಿಟ್ಯಾ?"

"ಸುಳ್ಳೇನ್ಲಾ? ಕೆಂಡ ನಿಲ್ಲೋ ಸರಳು ಕಬ್ಬಿಣದ್ದೇ ಕಣೋ. ಅದಕ್ಕಿಟ್ಟೆ. ಕಚ್ತು."

ಆದರೂ ಅಪ್ಪನಿಗೆ ರಾತ್ರಿಯೆಲ್ಲ ಅನ್ನ ಹಾಕಿದ ಸಾಹುಕಾರರಿಗೆ ನಷ್ಟ ಮಾಡಿದೆ ಎಂಬ ಕೊರಗು. ಬೆಳಗಾಗುತ್ತಲೇ ಮತ್ತೆ ಬೈಕ್ ತೆಗೆಸಿದ. ಸಾಹುಕಾರರು ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಅಪ್ಪ ನಿಂತುಕೊಂಡೇ ಎಲ್ಲ ಒಪ್ಪಿಸಿದ.

ಅವರು ಪೇಪರ್ ಮಡಿಸಿಟ್ಟರು. "ಗೊತ್ತು ಕಣಣ್ಣ. ತಾಮ್ರ ಹಾಕ್ಸಿದ್ದೇ ನಮ್ಮಪ್ಪ, ನಾನೂ ಅಲ್ಲೇ ಇದ್ನಲ್ಲ. ಅದನ್ನ ಕಡಿಯೋದು ನಿಮ್ಮ ಹಾಗೇ ನಂಗೂ ಬೇಡಾಗಿತ್ತು, ಆದ್ರೆ ಹೆಚ್ಚು ಬೆಲೆ ಬಂದ್ರೆ ಬೇಡ ಅನ್ನೋಕೆ ನನ್ ಕೈಲಾಗ್ತಿರ್ಲಿಲ್ಲ. ನಿಮ್ ಮಾತಾದ್ರೆ ಯಾರೂ ಎರಡ್ನೇ ಸಲ ಕೇಳಲ್ಲ. ಅದಕ್ಕೇ ನಿಮ್ಮನ್ನ ಕರೆಸಿದ್ದು."